ಬೆಳಗಾವಿಯ ಶಾಲೆಗಳೂ ಪಾಲಕರ ಆಯ್ಕೆಯೂ

ಬೆಳಗಾವಿ ನಗರದ ದಕ್ಷಿಣಕ್ಕಿರುವ ಹಿಂದವಾಡಿಯು ಶಾಸನಕ್ಕಾಗಲಿ ಕೋಟೆಕೊತ್ತಲಗಳಿಗಾಗಲಿ ಹೆಸರಾದ ಸ್ಥಳವಲ್ಲ. ಗುರುದೇವ ರಾನಡೆಯವರ ಮಂದಿರ, ಗೋಮಟೇಶ ವಿದ್ಯಾಪೀಠ, ಕರ್ನಾಟಕ ಲಾ ಸೊಸಾಯಿಟಿಯ ವಿದ್ಯಾಸಂಸ್ಥೆ, ಇವುಗಳಿಂದಲೇ ಹೊರಗಿನವರಿಗೆ ಅದರ ಪರಿಚಯ. ಒಂದು ಮಗ್ಗುಲಿಗೆ ಶಹಾಪುರ, ಇನ್ನೊಂದು ಮಗ್ಗುಲಿಗೆ ಟಿಳಕವಾಡಿ. ಜೂನ್ ತಿಂಗಳ ಒಂದು ಮುಂಜಾನೆ ಇಲ್ಲಿಯ ಓಣಿಯಲ್ಲಿ ನಿಂತು ನೋಡಿದರೆ, ಅಕ್ಕಪಕ್ಕದ ಮನೆಗಳಿಂದ ಹೊರಟ ಮಕ್ಕಳು ಕನ್ನಡ, ಮರಾಠಿ, ಇಂಗ್ಲಿಷ್ ಎಂಬ ಮೂರು ಮಾಧ್ಯಮಗಳ ಶಾಲೆಗಳ ದಾರಿ ಹಿಡಿಯುವುದು ಕಾಣುತ್ತದೆ. ಈ ಆಯ್ಕೆಯು ಪಾಲಕರ ಕೈಗೆ ಯಾವಾಗ ಬಂದಿತು, ಯಾರ ಮೂಲಕ ಬಂದಿತು, ಎಷ್ಟರಮಟ್ಟಿಗೆ ಬಂದಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇವೆ. ಈ ವಿಚಾರಕ್ಕೆ ಇನ್ನೊಂದು ಪ್ರಯೋಜನವೂ ಉಂಟು. ಗಡಿಸೀಮೆಯ ಇತಿಹಾಸವನ್ನು ಬರೆಯುವವರಿಗೆ, ಯಾವ ಶಾಲೆಯಲ್ಲಿ ಎಷ್ಟು ಹುಡುಗರಿದ್ದರೆಂಬ ಲೆಕ್ಕದಿಂದ ಆ ಊರಿನ ಮನೆಮಾತನ್ನು ನಿರ್ಣಯಿಸಿಬಿಡುವ ಮೋಹವು ಸಹಜವಾಗಿ ಉಂಟಾಗುತ್ತದೆ. ಆ ಪ್ರಮಾಣಕ್ಕೆ ಬಲವೆಷ್ಟೆಂಬುದು ಶಾಲೆಗಳು ಹುಟ್ಟಿದ ಬಗೆಯನ್ನು ತಿಳಿಯದ ಹೊರತು ಗೊತ್ತಾಗದು.

1818ರಲ್ಲಿ ಪೇಶವಾಯಿಯು ಮುರಿದುಬಿದ್ದು ಈ ನಾಡು ಕಂಪನಿ ಸರಕಾರದ ವಶವಾಯಿತು. 1836ರಲ್ಲಿ ಬೆಳಗಾವಿಯು ಧಾರವಾಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಇಂಗ್ಲಿಷ್ ಅಧಿಕಾರಿಗಳು ಈ ಪ್ರಾಂತವನ್ನು 'ದಕ್ಷಿಣ ಮರಾಠಾ ದೇಶ'ವೆಂದು ಕರೆಯುತ್ತಿದ್ದರು. ಹೆಸರು ಆಳಿದವರಿಂದ ಬಂದಿತೇ ಹೊರತು ಆಳಿಸಿಕೊಂಡವರ ನುಡಿಯಿಂದಲ್ಲ. ಆದರೂ ಒಮ್ಮೆ ಇಟ್ಟ ಹೆಸರು ಕಚೇರಿಯಲ್ಲಿ ತನ್ನ ಕೆಲಸವನ್ನು ಮಾಡದೆ ಬಿಡಲಿಲ್ಲ. ದಫ್ತರವು ಮರಾಠಿಯಲ್ಲಿ, ಲಿಪಿಯು ಮೋಡಿಯಲ್ಲಿ, ಕಾರಕೂನರು ಮರಾಠಿ ಕಲಿತವರು. ಆದುದರಿಂದ ಸರಕಾರಿ ಶಾಲೆಯೂ ಮರಾಠಿಯದೇ ಆಗಬೇಕೆಂಬುದು ವಾದವಿಲ್ಲದೆ ನಡೆದುಹೋಯಿತು. ಕನ್ನಡ ಮನೆಯ ಹುಡುಗನಿಗೆ ಐಗಳ ಮಠದಲ್ಲಿ ಅಕ್ಷರವೂ ಲೆಕ್ಕವೂ ಸಿಕ್ಕುತ್ತಿದ್ದುವು. ಚಾಕರಿ ಬೇಕೆಂದವನು ಮಾತ್ರ ಮರಾಠಿ ಶಾಲೆಯ ಹೊಸ್ತಿಲನ್ನು ತುಳಿಯಲೇಬೇಕು. ಇದನ್ನು ಆಯ್ಕೆಯೆನ್ನಲಾದೀತೆ?

1884ರಲ್ಲಿ ಪ್ರಕಟವಾದ ಬೆಳಗಾವಿ ಜಿಲ್ಲೆಯ ಗ್ಯಾಝೆಟಿಯರಿನಲ್ಲಿ 1881ರ ಖಾನೇಸುಮಾರಿಯ ಅಂಕಿಗಳಿವೆ. ಜಿಲ್ಲೆಯ 8,64,014 ಜನರಲ್ಲಿ ಕನ್ನಡ ನುಡಿಯುವವರು 5,56,397, ಮರಾಠಿ ನುಡಿಯುವವರು 2,25,008; ಅಂದರೆ ನೂರಕ್ಕೆ ಸುಮಾರು 64 ಹಾಗೂ 26. ಈ ಪ್ರಮಾಣವನ್ನು ಮೊದಲಿನ ಸರಕಾರಿ ಶಾಲೆಗಳ ಭಾಷೆಯೊಡನೆ ಹೋಲಿಸಿದರೆ ಶಾಲೆಗೂ ಮನೆಗೂ ನಡುವೆ ಇದ್ದ ಅಂತರವು ತಾನಾಗಿ ತೋರುವುದು.

ಈ ಅಂತರವನ್ನು ಕಂಡು ತಿದ್ದಹೊರಟವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರ ಹೆಸರು ಮೊದಲನೆಯದು. ವಿದ್ಯಾಖಾತೆಯ ಅಧಿಕಾರಿಯಾಗಿದ್ದ ರಸೆಲ್ ಸಾಹೇಬರ ಬೆಂಬಲವನ್ನು ಪಡೆದು, ಕನ್ನಡ ಊರುಗಳಲ್ಲಿ ನಡೆಯುತ್ತಿದ್ದ ಮರಾಠಿ ಶಾಲೆಗಳ ಸ್ಥಾನದಲ್ಲಿ ಕನ್ನಡ ಶಾಲೆಗಳನ್ನು ಸ್ಥಾಪಿಸಲು ಅವರು ಪಟ್ಟ ಶ್ರಮವು ಈ ಪತ್ರಿಕೆಯ ವಾಚಕರಿಗೆ ತಿಳಿಯದ್ದಲ್ಲ. ಅವರನ್ನು ಭಾಷೋದ್ಧಾರಕರೆಂದು ಹೊಗಳುವುದು ರೂಢಿ. ನಮಗಾದರೋ ಅವರ ಕಾರ್ಯದ ಇನ್ನೊಂದು ಮುಖವು ಹೆಚ್ಚಿನದಾಗಿ ತೋರುತ್ತದೆ. ಅವರಿಗಿಂತ ಮೊದಲು ಕನ್ನಡಿಗ ಪಾಲಕನು ಕನ್ನಡ ಶಾಲೆಯನ್ನು ಬೇಡವೆಂದಿದ್ದನೆಂದು ಹೇಳುವಂತಿರಲಿಲ್ಲ. ಬೇಕು ಬೇಡ ಎನ್ನಲು ಅಂಥ ಶಾಲೆಯೇ ಅವನೆದುರಿಗೆ ಇರಲಿಲ್ಲ. ಶಾಲೆಯನ್ನು ಎದುರಿಗೆ ತಂದು ನಿಲ್ಲಿಸಿದ ಬಳಿಕವೇ ಅವನ ಇಷ್ಟವೇನೆಂಬುದು ತಿಳಿಯುವಂತಾಯಿತು.

ಹಣದ ಮಾತನ್ನು ಇಲ್ಲಿಯೇ ಹೇಳಬೇಕು. 1863ರಿಂದ ಮುಂಬಯಿ ಇಲಾಖೆಯಲ್ಲಿ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಾನಿಕ ಕರವನ್ನು ಎತ್ತಲಾರಂಭಿಸಿದರು. ಅದರ ಮೂರರಲ್ಲೊಂದು ಪಾಲು ಶಾಲೆಗಳಿಗೆ, ಉಳಿದುದು ರಸ್ತೆ ಮೊದಲಾದುವಕ್ಕೆ. ಒಕ್ಕಲಿಗನು ಕೊಟ್ಟ ಆಣೆಯಿಂದ ಹಳ್ಳಿಯ ಶಾಲೆ ನಡೆಯಿತು. ಆದರೆ ಅದರಲ್ಲಿ ಯಾವ ನುಡಿ, ಯಾವ ಪುಸ್ತಕ, ಯಾವ ಮಾಸ್ತರ ಎಂಬುದನ್ನು ಗೊತ್ತುಮಾಡುವವರು ಬೇರೆ.

ಸರ್ ಚಾರ್ಲ್ಸ್ ವುಡ್ಡನ ಹೆಸರಿನಲ್ಲಿ 1854ರಲ್ಲಿ ವಿಲಾಯತಿಯಿಂದ ಬಂದ ವಿದ್ಯಾವಿಷಯಕ ಆಜ್ಞಾಪತ್ರವು ಇನ್ನೊಂದು ದಾರಿಯನ್ನು ತೆರೆದಿತ್ತು. ಖಾಸಗಿಯವರು ಶಾಲೆಯನ್ನು ನಡೆಸಲಿ, ತಪಾಸಣೆಗೆ ಒಪ್ಪಿಕೊಳ್ಳಲಿ, ಸರಕಾರವು ಸಹಾಯಧನವನ್ನು ಕೊಡುವುದು ಎಂಬುದೇ ಆ ದಾರಿ. 1860ರ ದಶಕದಲ್ಲಿ ಮುಂಬಯಿ ಇಲಾಖೆಯವರು ಈ ಧನವನ್ನು ಪರೀಕ್ಷೆಯ ಫಲಕ್ಕೆ ಕಟ್ಟಿದರು. ಇನ್‌ಸ್ಪೆಕ್ಟರರ ಮುಂದೆ ಎಷ್ಟು ಹುಡುಗರು ಪಾಸಾದರೋ ಅದಕ್ಕೆ ತಕ್ಕ ಹಣ. ಅಮೇರಿಕೆಯ ಮಿನ್ನೆಸೋಟ ಸಂಸ್ಥಾನದಲ್ಲಿ 1991ರ ಕಾನೂನಿನಿಂದ ಹುಟ್ಟಿ, ಇಂದು ಬಹಳ ಚರ್ಚೆಗೆ ಗುರಿಯಾಗಿರುವ 'ಚಾರ್ಟರ್ ಶಾಲೆ'ಗಳ ತಿರುಳೂ ಹೆಚ್ಚುಕಡಿಮೆ ಇದೇ: ಹಣ ಸಾರ್ವಜನಿಕರದು, ಆಡಳಿತ ಬೇರೊಂದು ಮಂಡಲಿಯದು, ಕರಾರಿನಂತೆ ಫಲವನ್ನು ತೋರಿಸಬೇಕು. ಅಲ್ಲಿ ಫೀ ತೆಗೆದುಕೊಳ್ಳುವಂತಿಲ್ಲ, ನಮ್ಮಲ್ಲಿ ತೆಗೆದುಕೊಳ್ಳುತ್ತಿದ್ದರು. ಈ ಭೇದವು ಸಣ್ಣದಲ್ಲ. ಆದರೂ ಇದನ್ನು ತೀರ ಹೊಸದೊಂದು ಯುಕ್ತಿಯೆಂದು ಬೆರಗಾಗಲು ಮುಂಬಯಿ ಕರ್ಣಾಟಕದವರಿಗೆ ಕಾರಣವಿಲ್ಲ.

ಸಹಾಯಧನದ ಪದ್ಧತಿಯು ನಿಷ್ಪಕ್ಷಪಾತವಾಗಿ ತೋರುತ್ತದೆ. ನಿಜವಾಗಿ ಅದು ಮೊದಲೇ ಕೂಡಿಕೊಂಡವರಿಗೆ, ಮೊದಲೇ ಹಣವುಳ್ಳವರಿಗೆ ನೆರವಾಗುವ ಪದ್ಧತಿ. ಬೆಳಗಾವಿಯಲ್ಲಿ ಮೊದಲು ಕೂಡಿಕೊಂಡವರು ಯಾರು? 1820ರಲ್ಲಿ ಬಳ್ಳಾರಿಯಿಂದ ಬಂದ ಟೇಲರ್ ಪಾದ್ರಿಯವರ ಲಂಡನ್ ಮಿಶನ್ನು. ಅದರವರು 1832ರಲ್ಲಿ ತೆರೆದ ಇಂಗ್ಲಿಷ್ ಶಾಲೆಯೇ ಮುಂದೆ ಬೆನನ್ ಸ್ಮಿತ್ ಹೈಸ್ಕೂಲಾಯಿತು. ಸರದಾರರ ಹೆಸರನ್ನು ಹೊತ್ತ ಸರಕಾರಿ ಹೈಸ್ಕೂಲು ಇನ್ನೊಂದು. ಇಂದಿನ ಹಿಂದವಾಡಿಗೆ ಅಂಟಿಕೊಂಡ ಶಹಾಪುರವಂತೂ ಬ್ರಿಟಿಷರ ಬೆಳಗಾವಿಯೇ ಆಗಿರಲಿಲ್ಲ; 1948ರ ಮಾರ್ಚಿನಲ್ಲಿ ವಿಲೀನವಾಗುವವರೆಗೂ ಅದು ಸಾಂಗಲಿಯ ಪಟವರ್ಧನ ಸಂಸ್ಥಾನಕ್ಕೆ ಸೇರಿದ್ದಿತು. ಅಲ್ಲಿಯ ಚಿಂತಾಮಣರಾವ ಹೈಸ್ಕೂಲು ಇಂದಿಗೂ ಆ ಮನೆತನದ ಹೆಸರನ್ನು ಇಟ್ಟುಕೊಂಡಿದೆ. ಹತ್ತು ಹೆಜ್ಜೆ ನಡೆದರೆ ಸರಕಾರವೇ ಬದಲಾಗುತ್ತಿದ್ದ ಊರು ಇದು. ಶಹಾಪುರದ ನೇಕಾರನ ಮಗನು ಯಾವ ಶಾಲೆಗೆ ಹೋದನೆಂಬುದು ಅವನ ತಾಯಿ ಯಾವ ನುಡಿಯಲ್ಲಿ ಜೋಗುಳ ಹಾಡಿದಳೆಂಬುದಕ್ಕಿಂತ ಮನೆಯು ಯಾವ ಎಲ್ಲೆಯೊಳಗಿತ್ತೆಂಬುದನ್ನೇ ಹೆಚ್ಚಾಗಿ ಅವಲಂಬಿಸಿದ್ದರೆ ಆಶ್ಚರ್ಯವಿಲ್ಲ.

ಇಂಥ ಸ್ಥಿತಿಯಲ್ಲಿ 1916ರ ನವೆಂಬರ 13ರಂದು ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯು ಸ್ಥಾಪಿತವಾಯಿತು. 'ಸಪ್ತರ್ಷಿ'ಗಳೆಂದು ಜನರು ಕರೆಯುವ ಅದರ ಸ್ಥಾಪಕರಲ್ಲಿ ಶಿ. ಶಿ. ಬಸವನಾಳರೂ ಸಾಖರೆಯವರೂ ಇದ್ದರು. ಬಸವನಾಳರ ವಚನಸಂಪಾದನೆಯು ಸಾಹಿತ್ಯದ ಅಧ್ಯಾಪಕರಿಗೆಲ್ಲ ಪರಿಚಿತವೇ. ಗಿಲಗಂಚಿಯವರ, ಅರಟಾಳ ರುದ್ರಗೌಡರ ಹೆಸರಿನಲ್ಲಿ ಹೈಸ್ಕೂಲು ನಿಂತಿತು. ತನ್ನ ಆಸ್ತಿಯನ್ನು ವಿದ್ಯೆಗಾಗಿ ಬಿಟ್ಟು 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜರ ಹೆಸರಿನಲ್ಲಿ 1933ರಲ್ಲಿ ಕಾಲೇಜು ತೆರೆಯಿತು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆಯಬೇಕು. ಇವು ಕನ್ನಡ ಮಾಧ್ಯಮದ ಶಾಲೆಗಳೆಂದು ಹಲವರು ಭಾವಿಸುವುದುಂಟು. ಆ ಕಾಲದ ಹೈಸ್ಕೂಲುಗಳ ಮೇಲಿನ ತರಗತಿಗಳಲ್ಲಿ ಪಾಠವು ಇಂಗ್ಲಿಷಿನಲ್ಲಿಯೇ ಸಾಗುತ್ತಿತ್ತು. ಸೊಸಾಯಿಟಿಯು ತಂದುಕೊಟ್ಟುದು ಬೇರೆ: ಹಳ್ಳಿಯಿಂದ ಬಂದ ಕನ್ನಡ ಹುಡುಗನ ಮಾತನ್ನು ತಿಳಿಯುವ ಮಾಸ್ತರರು, ಅವನನ್ನು ಹೊರಗಿನವನೆಂದು ಎಣಿಸದ ಒಂದು ಶಾಲೆ. ಒಂದು ಸಮಾಜದ ಹೆಸರಿನಲ್ಲಿ ಹುಟ್ಟಿದ ಸಂಸ್ಥೆಯೆಂಬುದು ನಿಜ. ಸಹಾಯಧನದ ಪದ್ಧತಿಯೇ ಸಮಾಜಗಳನ್ನು ಹಾಗೆ ಕೂಡಿಕೊಳ್ಳಲು ಪ್ರೇರಿಸಿತೆಂಬುದೂ ಅಷ್ಟೇ ನಿಜ. ಕೂಡಿಕೊಳ್ಳಲು ಹಣವೂ ಮುಂದಾಳೂ ಇಲ್ಲದ ಜನರಿಗೆ ಆ ಪದ್ಧತಿಯಿಂದ ದೊರೆತುದು ಅತ್ಯಲ್ಪ.

1956ರಲ್ಲಿ ಬೆಳಗಾವಿಯು ಮೈಸೂರು ರಾಜ್ಯಕ್ಕೆ ಸೇರಲಾಗಿ ತಕ್ಕಡಿಯು ಇನ್ನೊಂದು ಕಡೆಗೆ ಬಾಗಿತು. ಮೊದಲು ಕನ್ನಡಿಗನು ಕೇಳುತ್ತಿದ್ದ ಪ್ರಶ್ನೆಯನ್ನು ಈಗ ಮರಾಠಿ ಪಾಲಕನು ಕೇಳತೊಡಗಿದನು. ನ್ಯಾಯವಾಗಿ ನೋಡಿದರೆ ಎರಡೂ ಒಂದೇ ಪ್ರಶ್ನೆ. 1949ರ ಆಗಸ್ಟಿನಲ್ಲಿ ಪ್ರಾಂತಗಳ ವಿದ್ಯಾಮಂತ್ರಿಗಳ ಪರಿಷತ್ತು ಇದಕ್ಕೊಂದು ಸೂತ್ರವನ್ನು ಹಾಕಿಕೊಟ್ಟಿತ್ತು. ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸುವ ಶಿಕ್ಷಕನನ್ನು ಕೊಡತಕ್ಕದ್ದು. ಮಾತೃಭಾಷೆ ಯಾವುದೆಂಬುದಕ್ಕೆ ಪಾಲಕರು ಹೇಳಿದ್ದೇ ಪ್ರಮಾಣ. 1956ರಲ್ಲಿ ಸಂವಿಧಾನಕ್ಕೆ ಕೂಡಿಸಿದ 350-ಎ ವಿಧಿಯ ಆಶಯವೂ ಪ್ರಾಥಮಿಕ ಹಂತದಲ್ಲಿ ಇದುವೇ. ಊರಿನಲ್ಲಿ ಈ ಸೂತ್ರವು ಚೆನ್ನಾಗಿ ನಡೆಯುತ್ತದೆ. ಖಾನಾಪುರ ತಾಲೂಕಿನ ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿಗಳ ಕಡೆಗೆ ಹೋದರೆ ಅಡವಿಯ ನಡುವೆ ಚದರಿದ ಸಣ್ಣ ಸಣ್ಣ ಹಳ್ಳಿಗಳು. ಅಲ್ಲಿಯ ಮರಾಠಿ ಹಳ್ಳಿಯ ಕನ್ನಡ ಮನೆಗಾಗಲಿ, ಪೂರ್ವದ ಬೀಡಿಯ ಕಡೆಯ ಕನ್ನಡ ಹಳ್ಳಿಯ ಮರಾಠಿ ಮನೆಗಾಗಲಿ ಹತ್ತು ಮಕ್ಕಳನ್ನು ಎಲ್ಲಿಂದ ತರುವುದು? ಒಂದೇ ಶಾಲೆಯುಳ್ಳ ಊರಿನಲ್ಲಿ ಹಾಜರಿಪಟ್ಟಿಯು ಪಾಲಕರ ಮನಸ್ಸನ್ನು ಹೇಳಲಾರದು.

ಮುಂದಿನ ಕಥೆಯು ನ್ಯಾಯಾಲಯದ್ದು. ಸಂಕ್ಷೇಪವಾಗಿ ಹೇಳಿದರೆ ಸಾಕು. 1994ರ ಏಪ್ರಿಲಿನಲ್ಲಿ ಕರ್ನಾಟಕ ಸರಕಾರವು ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಇಲ್ಲವೆ ಕನ್ನಡವೇ ಮಾಧ್ಯಮವಾಗಿರಬೇಕೆಂದು ಆಜ್ಞೆ ಮಾಡಿತು. 2008ರಲ್ಲಿ ಉಚ್ಚ ನ್ಯಾಯಾಲಯವು, ಸಹಾಯಧನವಿಲ್ಲದ ಖಾಸಗಿ ಶಾಲೆಗಳ ಮಟ್ಟಿಗೆ ಅದನ್ನು ತಳ್ಳಿಹಾಕಿತು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಪ್ರಾಥಮಿಕ ಹಂತದ ಮಾಧ್ಯಮವನ್ನು ಆರಿಸುವ ಹಕ್ಕು ಪಾಲಕರದೆಂದು ತೀರ್ಪಿತ್ತಿತು. ಹಕ್ಕು ಬಂದಿತು, ಅದನ್ನು ಚಲಾಯಿಸಲು ಫೀ ಬೇಕು. 2009ರ ಶಿಕ್ಷಣಹಕ್ಕಿನ ಕಾಯಿದೆಯಂತೆ ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ನೂರಕ್ಕೆ 25 ಸ್ಥಾನಗಳು ಬಡಮಕ್ಕಳಿಗೆ ಸರಕಾರದ ಖರ್ಚಿನಿಂದ ದೊರೆಯುತ್ತಿದ್ದುವು. 2019ರಿಂದ ಕರ್ನಾಟಕದಲ್ಲಿ, ನೆರೆಯಲ್ಲಿ ಸರಕಾರಿ ಅಥವಾ ಸಹಾಯಧನದ ಶಾಲೆಯಿದ್ದರೆ ಆ ಸ್ಥಾನಗಳು ದೊರೆಯದಂತೆ ನಿಯಮವನ್ನು ತಿದ್ದಿದರು. ಹಿಂದವಾಡಿಯಂಥ ಬಡಾವಣೆಯ ಸುತ್ತ ಅಂಥ ಶಾಲೆಗಳಿಗೆ ಕೊರತೆಯಿಲ್ಲ.

ಇನ್ನು ಮೊದಲಿನ ಮಾತಿಗೆ ಬರೋಣ. ಇಂದು ಹಿಂದವಾಡಿಯ ಎಷ್ಟೋ ಕನ್ನಡ ಮನೆಗಳ, ಎಷ್ಟೋ ಮರಾಠಿ ಮನೆಗಳ ಮಕ್ಕಳು ಇಂಗ್ಲಿಷ್ ಶಾಲೆಗಳ ಪಟ್ಟಿಯಲ್ಲಿದ್ದಾರೆ. ಈ ಪಟ್ಟಿಯನ್ನು ನೂರು ವರ್ಷಗಳ ತರುವಾಯ ತೆರೆದು ನೋಡಿದ ಸಂಶೋಧಕನು ಬೆಳಗಾವಿಯ ಮನೆಮಾತು ಇಂಗ್ಲಿಷೆಂದು ಬರೆದರೆ ನಾವೆಲ್ಲರೂ ನಗುವೆವು. 1850ರ ಸುಮಾರಿನ ಮರಾಠಿ ಶಾಲೆಯ ಪಟ್ಟಿಯನ್ನು ಹಿಡಿದು ಆ ಕಾಲದ ಮನೆಮಾತನ್ನು ಗೊತ್ತುಮಾಡುವುದಕ್ಕೂ, 1960ರ ಅನಂತರದ ಕನ್ನಡ ಶಾಲೆಯ ಪಟ್ಟಿಯನ್ನು ಹಿಡಿದು ಖಾನಾಪುರದ ಮನೆಮಾತನ್ನು ಗೊತ್ತುಮಾಡುವುದಕ್ಕೂ ಇದೇ ಆಕ್ಷೇಪಣೆಯು ತಗಲುತ್ತದೆ. ಪಟ್ಟಿಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಾತೃಭಾಷೆಯ ಅಂಕಣವಿದ್ದರೆ ಅದನ್ನು ಮಾಧ್ಯಮದೊಡನೆ ಹೋಲಿಸಿ, ಆ ವರ್ಷ ಆ ಊರಿನಲ್ಲಿ ಬೇರೆ ಶಾಲೆ ಯಾವುದಿತ್ತು, ಎಷ್ಟು ದೂರದಲ್ಲಿತ್ತು, ಫೀ ಎಷ್ಟಿತ್ತು ಎಂಬುದನ್ನು ಕೂಡಿಸಿ ಓದಬೇಕು. ಅದರ ಜೊತೆಗೆ ಮನೆತನದ ಲೆಕ್ಕದ ವಹಿ, ಕಾಗದಪತ್ರ, ಹೆಂಗಸರ ಹಾಡಿನ ಪುಸ್ತಕಗಳನ್ನೂ ತೆಗೆದುನೋಡಬೇಕು. ಒಂದೇ ಗಂಟಿನಲ್ಲಿ ಮೋಡಿಯಲ್ಲಿ ಬರೆದ ವಹಿಯೂ ಕನ್ನಡದಲ್ಲಿ ಬರೆದ ಹಾಡೂ ಸಿಕ್ಕಿದರೆ, ಸಂಶೋಧಕನು ಎರಡನ್ನೂ ನಕಲು ಮಾಡಿಕೊಳ್ಳತಕ್ಕದ್ದು.