ಎಷ್ಟು ಸುತ್ತಿನ ವಾಲ್ವ್? ಮುಂಬೈ ನೀರು ಮತ್ತು ಚಾವಿವಾಲಾ

ಈ ಸಲದ ಮಾತು ರಸ್ತೆ ಕೆಳಗೆ ಹೂತಿರುವ ಒಂದು ಕಬ್ಬಿಣದ ಸಾಮಾನಿನ ಬಗ್ಗೆ: ಗೇಟ್ ವಾಲ್ವ್. ನೀರಿನ ಇಲಾಖೆಯವರು ಇದನ್ನ ಸ್ಲೂಸ್ ವಾಲ್ವ್ ಅಂತಾರೆ.

ನಮ್ಮ ಕಾಂದಿವಲಿ ಸೊಸೈಟಿಯಿಂದಲೇ ಶುರು ಮಾಡ್ತೀನಿ. ಒಂದು ರಾತ್ರಿ ಒಳಗಿನ ಪೈಪು ಒಡೀತು. ಪ್ಲಂಬರ್ ವಾಲ್ವನ್ನ ಪೂರ್ತಿ ತಿರುಗಿಸಿದ್ರೂ ನೀರು ನಿಲ್ಲಲಿಲ್ಲ. ಪ್ರೆಷರ್ ಜಾಸ್ತಿ ಅಂತ ಕಮಿಟಿಯವರಾದ ನಾವೇ ಅದನ್ನ ವರ್ಷಗಟ್ಟಲೆ ಅರ್ಧ ತೆರೆದು ಬಿಟ್ಟಿದ್ದೆವು. ಕೊನೆಗೆ ಪಾಲಿಕೆಯ ಚಾವಿವಾಲಾ ಬಂದು ರಸ್ತೆಯ ವಾಲ್ವ್ ಮುಚ್ಚಿದರು. ಹೋಗುವಾಗ ಕೇಳಿದರು: "ನಿಮ್ಮದು ಎಷ್ಟು ಸುತ್ತಿನದು?" ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಸ್ವಲ್ಪ ಹಿಂದೆ ಹೋಗೋಣ. ಬಾವಿ, ಕೆರೆಗಳನ್ನೇ ನಂಬಿದ್ದ ಬೊಂಬಾಯಿಗೆ ಹೆನ್ರಿ ಕೋನಿಬೇರ್ ಎಂಬ ಎಂಜಿನಿಯರ್ ರೂಪಿಸಿದ ವಿಹಾರ್ ಯೋಜನೆಯ ಕೆಲಸ 1856ರಲ್ಲಿ ಶುರುವಾಯ್ತು. 1860ರಲ್ಲಿ ಪೈಪಿನ ನೀರು ಬಂತು. 1879ರಲ್ಲಿ ತುಳಸಿ, 1892ರಲ್ಲಿ ತಾನ್ಸಾ, ಆಮೇಲೆ ವೈತರಣಾ, ಭಾತ್ಸಾ ಎಲ್ಲ ಸೇರಿಕೊಂಡವು. 2014ರ ಮಧ್ಯ ವೈತರಣಾ ಸೇರಿ ಒಟ್ಟು ಏಳು ಜಲಾಶಯ.

ಇಷ್ಟು ದೂರದ ಒತ್ತಡದ ನೀರನ್ನ ತಡೆಯೋಕೆ ಗಟ್ಟಿ ಬಾಗಿಲು ಬೇಕು. 1839ರಲ್ಲಿ ಜೇಮ್ಸ್ ನಾಸ್ಮಿತ್ ಎಂಬಾತ ಎರಡೂ ಮುಖ ಕೂರುವ ಬೆಣೆಯಾಕಾರದ ಗೇಟನ್ನ ರೂಪಿಸಿದ. ಸ್ಟೀಮ್ ಹ್ಯಾಮರ್‌ನ ಚಿತ್ರ ಬರೆದಿದ್ದೂ ಅದೇ ವರ್ಷ, ಅದೇ ನಾಸ್ಮಿತ್. ಬೆಣೆ ಕೆಳಗಿಳಿದರೆ ಎರಡು ಕಡೆಯೂ ಬಿಗಿಯಾಗಿ ಮುಚ್ಚುತ್ತೆ. ಮೇಲೆ ಹೋದರೆ ದಾರಿ ಪೂರ್ತಿ ಖಾಲಿ, ನೀರಿಗೆ ಅಡ್ಡಿಯೇ ಇಲ್ಲ.

ಈ ವಾಲ್ವ್ ಇರೋದು ರಿಪೇರಿ ಹೊತ್ತಿಗೆ. ವರ್ಷವಿಡೀ ತೆರೆದಿದ್ದು, ಪೈಪು ಒಡೆದಾಗ ಮಾತ್ರ ಮುಚ್ಚಬೇಕು. ಮುಂಬೈಯಲ್ಲಿ ಬಹುತೇಕ ಕಡೆ ನೀರು ಬರೋದು ಗೊತ್ತಾದ ಗಂಟೆಗಳಲ್ಲಷ್ಟೇ. ಒಂದು ವಲಯ ಮುಚ್ಚಿ ಇನ್ನೊಂದನ್ನ ತೆರೆದು ಊರಿಗೆಲ್ಲ ಹಂಚಬೇಕು. ಹಾಗಾಗಿ ಅಪರೂಪಕ್ಕೆ ತಿರುಗಬೇಕಾದ ವಾಲ್ವ್ ಇಲ್ಲಿ ದಿನಾ ತಿರುಗುತ್ತೆ, ಎಷ್ಟೋ ಕಡೆ ಅರ್ಧಕ್ಕೇ ನಿಲ್ಲುತ್ತೆ.

ಅರ್ಧಕ್ಕೆ ನಿಂತರೆ ಏನಾಗುತ್ತೆ? ಗೇಟಿನ ಕೆಳಗಿನ ಸಣ್ಣ ಸಂದಿಯಲ್ಲಿ ನೀರು ರಭಸದಿಂದ ನುಗ್ಗುತ್ತೆ. ಬೆಣೆ ಕಟಕಟ ನಡುಗುತ್ತೆ, ಕೂರುವ ಜಾಗ ಸವೆಯುತ್ತೆ. ನಮ್ಮ ಸೊಸೈಟಿಯಲ್ಲಿ ಆಗಿದ್ದೂ ಇದೇ. ಹರಿವು ಕಮ್ಮಿ ಮಾಡೋಕೆ ಬಟರ್‌ಫ್ಲೈ ಅಥವಾ ಗ್ಲೋಬ್ ವಾಲ್ವ್ ಹಾಕಬೇಕಿತ್ತು.

ಇನ್ನು ಮುಚ್ಚುವ ಕೈ. ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ಓಡುವ ನೀರನ್ನ ಗಕ್ಕನೆ ನಿಲ್ಲಿಸಿದರೆ ಸುಮಾರು 100 ಮೀಟರ್ ಎತ್ತರದ ನೀರಿನಷ್ಟು ಒತ್ತಡ ಏಳುತ್ತೆ. ಪಿಎನ್ 1.0 ದರ್ಜೆಯ ವಾಲ್ವ್ ತಾಳೋದು ಹೆಚ್ಚುಕಮ್ಮಿ ಅಷ್ಟೇ! ಹರಿವು ನಿಜವಾಗಿ ಕಡಿಮೆಯಾಗೋದೂ ಕೊನೆಯ ಕೆಲವು ಸುತ್ತುಗಳಲ್ಲಿ, ಹಾಗಾಗಿ ಅಲ್ಲಿ ನಿಧಾನ ಬೇಕು. 300 ಮಿ.ಮೀ. ವಾಲ್ವ್‌ಗೆ ನಲವತ್ತರ ಆಸುಪಾಸು ಸುತ್ತು. ಎಣಿಕೆ ಗೊತ್ತಿದ್ರೆ ತಾನೇ ಕೊನೆ ಬಂತು ಅಂತ ತಿಳಿಯೋದು? ಮೂವತ್ತಕ್ಕೇ ಬಿಗಿಯಾದರೆ ಅಡಿಯಲ್ಲಿ ಕಲ್ಲೋ ಹೂಳೋ ಸಿಕ್ಕಿದೆ ಅಂತ ಅರ್ಥ. ಆಗ ಜಗ್ಗಬಾರದು, ಸ್ವಲ್ಪ ತೆರೆದು ನೀರಿನಿಂದಲೇ ತೊಳೆದು ಮತ್ತೆ ಮುಚ್ಚಬೇಕು.

ಈ ಲೆಕ್ಕ ಬಹಳಷ್ಟು ಇರೋದು ಚಾವಿವಾಲಾಗಳ ತಲೆಯಲ್ಲಿ. ಮುಂಬೈ ನೀರಿನ ಬಗ್ಗೆ ಲೀಸಾ ಬ್ಯೋರ್ಕ್‌ಮನ್ 2015ರಲ್ಲಿ ಬರೆದ ಪುಸ್ತಕದಲ್ಲೂ ನಕ್ಷೆಯಲ್ಲಿರೋದಕ್ಕೂ ನೆಲದ ಕೆಳಗಿರೋದಕ್ಕೂ ಹೊಂದದ ಕಥೆಯಿದೆ. ನಮಗಿದು ಹೊಸದಲ್ಲ. ಊರಿನ ಕೆರೆಯ ತೂಬು ತೆರೆಯುತ್ತಿದ್ದ ನೀರುಗಂಟಿಯ ಹತ್ತಿರ ಯಾವ ನಕ್ಷೆ ಇತ್ತು?

ನಮ್ಮ ಐಟಿಯವರೂ ಇಲ್ಲಿ ಕೈ ಹಾಕಿದ್ದುಂಟು. ನೆಕ್ಸ್ಟ್‌ಡ್ರಾಪ್ ಎಂಬ ಸ್ಟಾರ್ಟಪ್ ಹುಬ್ಬಳ್ಳಿ-ಧಾರವಾಡದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಒಂದು ಪ್ರಯೋಗ ಮಾಡಿತು: ವಾಲ್ವ್‌ಮನ್ ಫೋನಲ್ಲಿ ತಿಳಿಸಿದರೆ ಮನೆಗಳಿಗೆ ಎಸ್‌ಎಂಎಸ್. ಬೆಂಗಳೂರಿನಲ್ಲಿ ಸಂಶೋಧಕರು ಪರೀಕ್ಷಿಸಿದಾಗ ತೊಡಕು ಕಂಡಿದ್ದು ಮೊದಲ ಹೆಜ್ಜೆಯಲ್ಲೇ. ವಾಲ್ವ್‌ಮನ್‌ಗಳಿಂದ ಮಾಹಿತಿ ಸರಿಯಾಗಿ ಬರುತ್ತಿರಲಿಲ್ಲ. ದಿನವಿಡೀ ಗುಂಡಿಗಳ ನಡುವೆ ಓಡಾಡುವವರಿಗೆ ಅದು ಇನ್ನೊಂದು ಕೆಲಸ, ಅಷ್ಟೇ.

ನೀವೂ ಸೊಸೈಟಿ ಕಮಿಟಿಯಲ್ಲಿದ್ದರೆ ಇಷ್ಟು ಮಾಡಿ. ವಾಲ್ವ್ ಕೊಳ್ಳುವಾಗ ಐಎಸ್ 14846 ಗುರುತು ಮತ್ತು ಒತ್ತಡದ ದರ್ಜೆ ನೋಡಿ. ಹೂಳು ಬರುವ ಲೈನಾದರೆ ರಬ್ಬರ್ ಹೊದಿಸಿದ ಬೆಣೆಯದು ಒಳ್ಳೆಯದು, ಅಡಿಯಲ್ಲಿ ಹೂಳು ಕೂರುವ ಗಾಡಿ ಇರಲ್ಲ. ಪಂಪ್ ರೂಮಿಗೆ ಸ್ಪಿಂಡಲ್ ಮೇಲೇಳುವ ವಾಲ್ವ್ ತನ್ನಿ, ಎಷ್ಟು ತೆರೆದಿದೆ ಅಂತ ಕಣ್ಣಿಗೇ ಕಾಣುತ್ತೆ. ವರ್ಷಕ್ಕೆರಡು ಸಲ ಪೂರ್ತಿ ಮುಚ್ಚಿ ತೆರೆಯಿರಿ. ಸ್ಪಿಂಡಲ್ ಹತ್ತಿರ ಹನಿ ತೊಟ್ಟಿಕ್ಕಿದರೆ ಗ್ಲಾಂಡ್ ಪ್ಯಾಕಿಂಗ್ ನೋಡಿಸಿ.

ಹೊಸ ವಾಲ್ವ್ ಕೂರಿಸಿದ ದಿನ ನಾನೇ ನಿಂತು ಎಣಿಸಿದೆ. ಹದಿನಾಲ್ಕು ಸುತ್ತು. ಮುಚ್ಚಳದ ಒಳಗೆ ಪೇಂಟಿನಲ್ಲಿ ಬರೆಸಿದ್ದೀವಿ.