ದ.ಕ.ಜಿ.ಪಂ. ಅಂದ್ರೆ ಎಂತ?

ಮಂಗಳೂರು ಹಿಸ್ಟರಿ, ಭಾಗ 6

ಕೂಳೂರಿಗೋ ಬೋಳಾರಕ್ಕೋ ಹೋಗುವಾಗ ಸರಕಾರಿ ಶಾಲೆಯ ಬೋರ್ಡ್ ನೋಡಿದ್ದೀರಲ್ಲ? 'ದ.ಕ.ಜಿ.ಪಂ. ಹಿರಿಯ ಪ್ರಾಥಮಿಕ ಶಾಲೆ'. ದಕ್ಷಿಣ ಕನ್ನಡ ಜಿಲ್ಲಾ ಪಂಚಾಯತ್ ಅಂತ ಅರ್ಥ. ಶಾಲೆ ಇರುವುದು ಸಿಟಿಯಲ್ಲಿ, ಹೆಸರು ಪಂಚಾಯತಿನದ್ದು. ಎಂತ ಮಾರಾಯ್ರೆ ಇದು?

1956ರವರೆಗೆ ನಾವು ಮದ್ರಾಸಿಗೆ ಸೇರಿದವರು. ಆಗ ಡಿಸ್ಟ್ರಿಕ್ಟ್ ಬೋರ್ಡ್ ಶಾಲೆಗಳನ್ನು ನಡೆಸ್ತಿತ್ತು. ಕರಾವಳಿಯ ಹಿರಿಯರ ಬಾಯಲ್ಲಿ ಬರುವ 'ಬೋರ್ಡ್ ಹೈಸ್ಕೂಲ್' ಅಲ್ಲಿಂದ ಬಂದದ್ದು. 1980ರ ದಶಕದಲ್ಲಿ ಜಿಲ್ಲಾ ಪರಿಷತ್ತುಗಳು ಬಂದು ಪ್ರಾಥಮಿಕ ಶಾಲೆಗಳು ಅವುಗಳ ಕೈಗೆ ಹೋದವು. 1993ರ ಕಾಯ್ದೆಯಲ್ಲಿ ಅದೇ ಜಿಲ್ಲಾ ಪಂಚಾಯತ್ ಆಯ್ತು. ಪುಸ್ತಕ, ಮಾಷ್ಟ್ರ ನೇಮಕ ಎಲ್ಲ ರಾಜ್ಯದ ಶಿಕ್ಷಣ ಇಲಾಖೆಯದ್ದು. ಜಿಲ್ಲೆಗೆ ಡಿಡಿಪಿಐ, ಅವರ ಕೆಳಗೆ ಬಿಇಒಗಳು. ಮಂಗಳೂರಿಗೆ ಉತ್ತರ, ದಕ್ಷಿಣ ಅಂತ ಎರಡು ಬ್ಲಾಕ್ ಉಂಟು. ಆಫೀಸಿನ ಕಥೆ ಇಷ್ಟು ಸಾಕು.

ನನಗೆ ಮುಖ್ಯ ಅನಿಸುವುದು ಬೇರೆ: ಎಲ್ಲರ ಶಾಲೆ ಅಂದ್ರೆ ಈ 'ಎಲ್ಲರೂ' ಯಾರು?

ಶಾಲೆಗಳಿಗೆ ನಮ್ಮಲ್ಲಿ ಬರ ಇರಲಿಲ್ಲ. ಬಾಸೆಲ್ ಮಿಷನ್‌ನ ಇಂಗ್ಲಿಷ್ ಶಾಲೆ 1838ರದ್ದು. 1880ರಲ್ಲಿ ಸಂತ ಅಲೋಶಿಯಸ್, 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರ ಕೆನರಾ ಹೈಸ್ಕೂಲ್. ಆದ್ರೆ ಅಸ್ಪೃಶ್ಯತೆಯ ಆ ಕಾಲದಲ್ಲಿ ದಲಿತ ಮಕ್ಕಳಿಗೆ ಹೆಚ್ಚಿನ ಕಡೆ ಬಾಗಿಲು ಮುಚ್ಚಿತ್ತು.

ಕಾಸರಗೋಡಿನಲ್ಲಿ 1859ರಲ್ಲಿ ಹುಟ್ಟಿದ ವಕೀಲ ಕುದ್ಮುಲ್ ರಂಗರಾಯರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಈ ಮಕ್ಕಳಿಗಾಗಿಯೇ ಶಾಲೆ ತೆರೆದರು. ಅವರು ಸಾರಸ್ವತ ಬ್ರಾಹ್ಮಣರು. ಸ್ವಂತ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಪಾಠ ಮಾಡ್ಲಿಕ್ಕೆ ಮೇಲ್ಜಾತಿಯ ಮಾಷ್ಟ್ರುಗಳು ಸಿಗುವುದೂ ಕಷ್ಟ ಇತ್ತು. ಅವರು ಬಿಡಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಶಾಲೆಗಳು ಬಂದವು, ಹಾಸ್ಟೆಲ್ ಬಂತು, ಕಸುಬಿನ ತರಬೇತಿಯೂ ಬಂತು. 1928ರಲ್ಲಿ ತೀರಿಹೋದರು. ನಾಟಕ ನೋಡ್ಲಿಕ್ಕೆ ಟೌನ್‌ಹಾಲಿಗೆ ಹೋಗ್ತೀರಲ್ಲ, ಅದಕ್ಕೆ ಇಟ್ಟದ್ದು ಇವರ ಹೆಸರೇ. ಎಷ್ಟು ಜನ ಗಮನಿಸಿದ್ದೀರಿ?

ನೂರು ವರ್ಷ ಕಳೆದರೂ ಶಾಲೆ ಮುಟ್ಟದ ಜಾಗಗಳು ಉಳಿದಿದ್ದವು, ಅದೂ ಸಿಟಿಯ ಪಕ್ಕದಲ್ಲೇ. ನೇತ್ರಾವತಿಯ ಆಚೆ ಹರೇಕಳ ಗ್ರಾಮದ ನ್ಯೂಪಡ್ಪು ಅಂಥದ್ದು. ಅಲ್ಲಿನ ಹಾಜಬ್ಬ ಮಂಗಳೂರಿಗೆ ಬಂದು ಬುಟ್ಟಿಯಲ್ಲಿ ಕಿತ್ತಳೆ ಮಾರ್ತಿದ್ರು. ಮನೆಮಾತು ಬ್ಯಾರಿ, ಶಾಲೆಯ ಮುಖ ನೋಡಿದವರಲ್ಲ. ವಿದೇಶಿಯೊಬ್ಬರು ಇಂಗ್ಲಿಷಿನಲ್ಲಿ ರೇಟ್ ಕೇಳಿದಾಗ ಉತ್ತರ ಹೇಳ್ಲಿಕ್ಕೆ ಆಗ್ಲಿಲ್ಲ. ನನ್ನ ಊರಿನ ಮಕ್ಕಳಿಗೆ ಹೀಗಾಗಬಾರದು ಅಂತ ಆಗಲೇ ಮನಸ್ಸಿಗೆ ಬಂತಂತೆ. ದುಡಿದ ಹಣ ಕೂಡಿಟ್ಟರು, ಆಫೀಸುಗಳಿಗೆ ಅಲೆದರು. ಮದರಸಾದಲ್ಲಿ 28 ಮಕ್ಕಳಿಂದ ಕ್ಲಾಸ್ ಶುರುವಾಯ್ತು. 2020ರಲ್ಲಿ ಪದ್ಮಶ್ರೀ ಘೋಷಣೆ ಆದಾಗ ಇಡೀ ದೇಶಕ್ಕೆ ಅವರ ಪರಿಚಯ ಆಯ್ತು.

ಒಂದು ಮಾತು ಗಮನಿಸಿ. ಹಾಜಬ್ಬ ಕೇಳಿದ್ದು ತನ್ನ ಹೆಸರಿನ ಶಾಲೆ ಅಲ್ಲ, ಸರಕಾರಿ ಶಾಲೆ. ನ್ಯೂಪಡ್ಪುವಿನಲ್ಲೂ ಅದೇ ದ.ಕ.ಜಿ.ಪಂ.

ನೀವು ಓದಿದ್ದು ಇಂಥ ಶಾಲೆಯಲ್ಲಾದ್ರೆ ಅದರ ಬೋರ್ಡ್ ಫೋಟೋ ಸ್ಟೋರಿಯಲ್ಲಿ ಹಾಕಿ, ಟ್ಯಾಗ್ ಮಾಡಿ.