ಆನೆಯ ಮೇಲೆ ಮಡಿದ ರಾಜಾದಿತ್ಯ

ಇಂಗ್ಲೆಂಡಿನ ಚರಿತ್ರೆಯನ್ನು ಅಲ್ಪಸ್ವಲ್ಪ ಓದಿದವರಿಗೂ 1066 ಎಂಬ ಇಸವಿ ಬಾಯಿಪಾಠವಾಗಿರುತ್ತದೆ. ಆ ವರ್ಷದ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಕಾಳಗದಲ್ಲಿ ದೊರೆ ಹೆರಾಲ್ಡ್ ಮಡಿದನು. ಕಣ್ಣಿಗೆ ಬಾಣ ನಾಟಿ ಸತ್ತನೆಂಬುದು ಪ್ರಸಿದ್ಧ ಉತ್ತರ. ಆದರೆ ಬೇಯೋ ಪಟ್ಟಣದ ಪ್ರಖ್ಯಾತ ಕಸೂತಿಪಟದಲ್ಲಿ ಬಾಣ ತಗುಲಿದವನ ಪಕ್ಕದಲ್ಲೇ ಕುದುರೆ ಸವಾರನ ಕತ್ತಿಗೆ ಸಿಕ್ಕಿ ಬೀಳುತ್ತಿರುವ ಇನ್ನೊಬ್ಬನೂ ಇದ್ದಾನೆ. ಇವರಲ್ಲಿ ಹೆರಾಲ್ಡ್ ಯಾರು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಇದಕ್ಕೆ 117 ವರ್ಷ ಮೊದಲು, 949ರಲ್ಲಿ, ನಮ್ಮ ಕಡೆಯ ಸೈನ್ಯವೊಂದು ಚೋಳ ಯುವರಾಜನೊಬ್ಬನನ್ನು ಕೊಂದಿತು. ಅವನ ಸಾವಿಗೂ ಎರಡು ವೃತ್ತಾಂತಗಳಿವೆ. ಅಲ್ಲಿಯೂ ಬಾಣ ಒಂದು ಕಡೆ, ಅಲಗು ಇನ್ನೊಂದು ಕಡೆ. ಆದರೂ ಹೆರಾಲ್ಡನನ್ನು ಬಲ್ಲ ನಮ್ಮ ಮಕ್ಕಳು ರಾಜಾದಿತ್ಯನ ಹೆಸರನ್ನೇ ಕೇಳಿರುವುದಿಲ್ಲ.

ಚೋಳ ದೊರೆ ಒಂದನೆಯ ಪರಾಂತಕನ ಹಿರಿಯ ಮಗನೇ ರಾಜಾದಿತ್ಯ. ಪರಾಂತಕನು ಉತ್ತರಕ್ಕೆ ರಾಜ್ಯವನ್ನು ವಿಸ್ತರಿಸುತ್ತ ಬಂದಿದ್ದನು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಅವನ ಮೇಲೆ ದಂಡೆತ್ತಿ ಹೋದಾಗ, ಇಂದಿನ ತಮಿಳುನಾಡಿನ ಅರಕ್ಕೋಣದ ಬಳಿಯಿರುವ ತಕ್ಕೋಲದಲ್ಲಿ ಎರಡು ಸೈನ್ಯಗಳೂ ಎದುರಾದವು. ಕೃಷ್ಣನ ಜೊತೆಯಲ್ಲಿ ಗಂಗರ ಇಮ್ಮಡಿ ಬೂತುಗನಿದ್ದನು. ಇವನು ಕೃಷ್ಣನ ಅಕ್ಕ ರೇವಕನಿಮ್ಮಡಿಯ ಗಂಡ.

ಬೂತುಗನು ನಮ್ಮ ದಕ್ಷಿಣ ಬೆಂಗಳೂರಿನವರಿಗೆ ತೀರ ಪರಕೀಯನಲ್ಲ. ಬೊಮ್ಮನಹಳ್ಳಿ ದಾಟಿದರೆ ಸಿಗುವ ಬೇಗೂರನ್ನು ತಾವೆಲ್ಲ ಬಲ್ಲಿರಿ. ‘ಬೆಂಗಳೂರು’ ಎಂಬ ಹೆಸರು ಕಾಣಿಸುವ ಹಳೆಯ ಶಾಸನವು ಅಲ್ಲಿಯ ನಾಗೇಶ್ವರ ದೇವಾಲಯದಲ್ಲಿದೆ. ಅದೇ ಊರಿನ ಇನ್ನೊಂದು ಪ್ರಸಿದ್ಧ ವೀರಗಲ್ಲಿನಲ್ಲಿ ನಾಗತ್ತರನನ್ನು ಯುದ್ಧಕ್ಕೆ ಕಳುಹಿದ ಗಂಗ ದೊರೆ ಎರೆಯಪ್ಪನ ಹೆಸರು ಬರುತ್ತದೆ. ಆ ಎರೆಯಪ್ಪನ ಮಗನೇ ಈ ಬೂತುಗ.

ಈಗ ಎರಡು ವೃತ್ತಾಂತಗಳನ್ನು ನೋಡೋಣ. ಚೋಳರ ಲೈಡನ್ ತಾಮ್ರಪಟಗಳು (ನೆದರ್ಲ್ಯಾಂಡ್ಸಿನ ಲೈಡನ್ನಿಗೆ ಸಾಗಿದ್ದರಿಂದ ಆ ಹೆಸರು) ಹೇಳುವಂತೆ, ರಾಜಾದಿತ್ಯನು ಕೃಷ್ಣನ ಸೈನ್ಯವನ್ನು ತಲ್ಲಣಗೊಳಿಸಿ, ಮಹಾಗಜದ ಮೇಲೆ ಕುಳಿತಿದ್ದಂತೆಯೇ ಶತ್ರುವಿನ ಹರಿತವಾದ ಬಾಣಗಳು ಎದೆಗೆ ನಾಟಿ, ವಿಮಾನವನ್ನೇರಿ ವೀರಸ್ವರ್ಗಕ್ಕೆ ಹೋದನು. ಬರೆಸಿದ್ದು ಅವನ ತಮ್ಮನ ವಂಶದವರು, ಅದೂ ಅರ್ಧ ಶತಮಾನದ ಬಳಿಕ. ಮನೆಯವರು ಹಾಗೆ ಬರೆಸುವುದು ಸಹಜವೇ ಸರಿ. ಇದರಲ್ಲಿ ಬೂತುಗನ ಪ್ರಸ್ತಾಪವೇ ಇಲ್ಲ.

ಗೆದ್ದವರ ಕಡೆಯ ಸಾಕ್ಷ್ಯವು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಅದರ ಪ್ರಕಾರ ಬೂತುಗನು ರಾಜಾದಿತ್ಯನ ಅಂಬಾರಿಯನ್ನೇ ರಣರಂಗವನ್ನಾಗಿ ಮಾಡಿಕೊಂಡು ಸುರಿಗೆಯಿಂದ, ಅಂದರೆ ಕಠಾರಿಯಿಂದ, ಇರಿದು ಕೊಂದನು. ಈ ಸಾಲನ್ನು ಮೊದಮೊದಲು ವಂಚನೆಯ ಕೊಲೆಯೆಂದು ಅರ್ಥೈಸಲಾಗಿತ್ತು. ಮುಂದೆ ಆ ಅರ್ಥವನ್ನು ಕೈಬಿಡಲಾಯಿತು. ಹಳಗನ್ನಡದಲ್ಲಿ ‘ಕಳ’ ಎಂದರೆ ಯುದ್ಧಭೂಮಿ. ಅದಕ್ಕೆ ಒಂದು ಒತ್ತಕ್ಷರ ಬಿದ್ದರೆ ಏನಾಗುತ್ತದೆಂದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ವಿವರಿಸಬೇಕಿಲ್ಲ!

ಎರಡರಲ್ಲಿ ನನಗೆ ಕಲ್ಲಿನ ಮಾತೇ ಹೆಚ್ಚು ನಂಬಲರ್ಹವೆನಿಸುತ್ತದೆ. ಅದು ಯುದ್ಧವಾದ ಕೂಡಲೇ ಹಾಕಿಸಿದ್ದು. ಕೊಂದವನ ಹೆಸರನ್ನೂ ಆಯುಧವನ್ನೂ ಪಡೆದ ಬಹುಮಾನವನ್ನೂ ಹೇಳುತ್ತದೆ. ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70, ಇಷ್ಟು ನಾಡುಗಳನ್ನು ಕೃಷ್ಣನು ಭಾವನಿಗೆ ಕೊಟ್ಟನು. ನಾವು ಕನ್ನಡಿಗರು ಹೆಮ್ಮೆಪಡಬಹುದು, ನಿಜ. ಆದರೆ ಎರೆಯಪ್ಪನ ಮಗ ರಾಚಮಲ್ಲನನ್ನು ಬೂತುಗನು ಕಾದಿ ಕೊಂದು ಗಂಗವಾಡಿಯನ್ನು ಆಳುತ್ತಿದ್ದನೆಂದೂ ಅದೇ ಕಲ್ಲು ಹೇಳುತ್ತದೆ. ಅಂದರೆ, ಒಡಹುಟ್ಟಿದವನನ್ನೇ ಕೊಂದು! ಅದನ್ನು ಮರೆಮಾಚಬೇಕೆಂದು ಆ ಕಾಲದವರಿಗೆ ತೋರಿಲ್ಲ.

ಇನ್ನೊಂದು ವಿಚಿತ್ರವೆಂದರೆ, ಆ ಕಲ್ಲನ್ನು ನಿಲ್ಲಿಸಿದ್ದು ರಾಜಾದಿತ್ಯನಿಗಾಗಿಯೂ ಅಲ್ಲ, ಬೂತುಗನಿಗಾಗಿಯೂ ಅಲ್ಲ, ಒಂದು ನಾಯಿಗಾಗಿ. ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನಿಗೆ ಬೇಕಾದುದನ್ನು ಬೇಡಿಕೋ ಎಂದು ಬೂತುಗ ಹೇಳಿದಾಗ, ಅವನು ಕೇಳಿದ್ದು ದೊರೆಯ ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಬೆಟ್ಟದಲ್ಲಿ ಅದನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಮಣಲೆರನು ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದನು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಗಲುವುದೆಂಬ ಶಾಪವೂ ಉಂಟು. ಕಲ್ಲಿನ ಮೇಲ್ಭಾಗದಲ್ಲಿ ಕೆತ್ತಿರುವುದು ನಾಯಿ–ಹಂದಿಯ ಕಾದಾಟವನ್ನೇ. ಈ ಕಲ್ಲನ್ನೂ ಬೇಗೂರಿನ ವೀರಗಲ್ಲನ್ನೂ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದು ಇರಿಸಲಾಯಿತು.

ರಾಜಾದಿತ್ಯನಿಗಾಗಿ ಅತ್ತವರ ಸಾಕ್ಷ್ಯವೂ ಒಂದಿದೆ. ಕೇರಳದ ವಲ್ಲಭನೆಂಬವನು ಅವನ ಆಪ್ತನಾಗಿದ್ದನು. ಕಾಳಗದ ದಿನ ಒಡೆಯನ ಪಕ್ಕದಲ್ಲಿದ್ದು ಸಾಯಲಾಗಲಿಲ್ಲವೆಂಬ ವ್ಯಥೆಯಿಂದ ಅವನು ಲೌಕಿಕವನ್ನೇ ತೊರೆದನು. ಗಂಗಾಸ್ನಾನ ಮಾಡಿ, ಇಂದಿನ ಚೆನ್ನೈಗೆ ಸೇರಿರುವ ತಿರುವೊಟ್ಟಿಯೂರಿನಲ್ಲಿ ಸನ್ಯಾಸಿಯಾಗಿ, ಚತುರಾನನ ಪಂಡಿತನೆಂಬ ಹೆಸರಿನಿಂದ ಮಠವನ್ನು ನಡೆಸಿದನು. ಇದನ್ನು ತಿಳಿಸುವ ಶಾಸನವು ಅದೇ ಊರಿನಲ್ಲಿದೆ. ಅದನ್ನು ಕೆತ್ತಿಸಿದಾಗ ಆ ನಾಡು ಮೂರನೆಯ ಕೃಷ್ಣನ ಆಳ್ವಿಕೆಗೆ ಒಳಪಟ್ಟಿತ್ತು. ಶಾಸನದ ಕಾಲವನ್ನು ಲೆಕ್ಕಹಾಕಿರುವುದೂ ಅವನ ಆಳ್ವಿಕೆಯ ವರ್ಷದಿಂದಲೇ.